ಲೋಡ್ ಸೆಲ್ ಇಟ್ಟು ತೂಕ ನೋಡಿ ಸೋಪು ತುಂಬಿಸುತ್ತಿದ್ದೇನೆ, ಪ್ರತಿ ಬಾಟಲಿಗೂ 10ರಿಂದ 27 ಗ್ರಾಂ ಜಾಸ್ತಿ ಬೀಳುತ್ತಿದೆ

ಗುಳ್ಳೆರಾಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ದ್ರವ ಸೋಪು ಮಾಡುತ್ತೇನೆ. ಬಾಟಲಿಗೆ 250 ಗ್ರಾಂ. ಮೊದಲು ಪಂಪಿಗೆ ಟೈಮರ್ ಇಟ್ಟಿದ್ದೆ, ಇಷ್ಟು ಸೆಕೆಂಡು ಓಡಿಸು, ನಿಲ್ಲಿಸು ಅಂತ. ಬೆಳಿಗ್ಗೆ ತುಂಬಿಸಿದ ಬಾಟಲಿ ಮಧ್ಯಾಹ್ನದ್ದಕ್ಕಿಂತ ಯಾವಾಗಲೂ ಕಡಿಮೆ. ತಣ್ಣಗಿದ್ದಾಗ ಸೋಪು ಗಟ್ಟಿ, ಬಿಸಿಲೇರಿದ ಮೇಲೆ ತೆಳು, ಅದೇ ಸೆಕೆಂಡಿಗೆ ಬೇರೆ ಬೇರೆ ಅಳತೆ. ಮಿಲಿ ಲೆಕ್ಕದಲ್ಲಿ ಅಳೆಯೋಣ ಅಂದರೆ ನೊರೆ ಎಲ್ಲಿ ಮುಗಿಯಿತು, ಸೋಪು ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. ತೂಕಕ್ಕೆ ನೊರೆಯ ಹಂಗಿಲ್ಲ ಅಲ್ವಾ ಅಂತ ಲೋಡ್ ಸೆಲ್ ಕಡೆ ಬಂದೆ, ಅಂದರೆ ಭಾರಕ್ಕೆ ಒಂಚೂರು ಬಾಗಿ ಅದನ್ನು ವೋಲ್ಟೇಜ್ ಆಗಿ ತೋರಿಸುವ ಲೋಹದ ತುಂಡು.

ಈಗ ಇರುವುದು ಇಷ್ಟು. 5 ಕೆಜಿಯ ಬಾರ್ ಲೋಡ್ ಸೆಲ್, ಎಚ್‌ಎಕ್ಸ್711 ಹಸಿರು ಬೋರ್ಡು (ಸೆಲ್‌ನ ಸಣ್ಣ ವೋಲ್ಟೇಜನ್ನು ಸಂಖ್ಯೆಯಾಗಿಸುವ ಚಿಪ್), ಇಎಸ್‌ಪಿ32 (ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡು), 12 ವೋಲ್ಟಿನ ಗೇರ್ ಪಂಪು. ಟ್ಯೂಬಿನ ಒಳವ್ಯಾಸ 6 ಮಿಮೀ, ಹೊರವ್ಯಾಸ 8 ಮಿಮೀ. ಪಂಪು ಸೆಕೆಂಡಿಗೆ ಸುಮಾರು 20 ಗ್ರಾಂ ಸುರಿಯುತ್ತದೆ. ಕೋಡ್ ಬಹಳ ಸರಳ: ಖಾಲಿ ಬಾಟಲಿ ಇಟ್ಟು ಟೇರ್ ಮಾಡು (ತೂಕ ಸೊನ್ನೆಗೆ ತರು), ಪಂಪು ಆನ್ ಮಾಡು, ಲೂಪಿನಲ್ಲಿ ಹತ್ತು ರೀಡಿಂಗ್‌ಗಳ ಸರಾಸರಿ ತೆಗೆದು ತೂಕ ನೋಡು, 250 ದಾಟಿದರೆ ಆಫ್ ಮಾಡು.

ಕೊನೆಯ ಐದು ಬಾಟಲಿ: 261, 274, 260, 277, 268.

ಸುಮ್ನೆ ಇಟ್ಟ ತೂಕವನ್ನು ಮಾತ್ರ ಸರಿಯಾಗಿ ತೋರಿಸುತ್ತದೆ. 200 ಗ್ರಾಂ ಬಟ್ಟು ಇಟ್ಟರೆ 199.9, 200.1 ಅಂತ ಓಡಾಡುತ್ತದೆ, ಅಷ್ಟೇ. ಪ್ರತಿ ಸಲ 15 ಗ್ರಾಂ ಜಾಸ್ತಿ ಅಂತಾದರೆ 235ಕ್ಕೇ ನಿಲ್ಲಿಸಬಹುದಿತ್ತು. ಇದು ಒಂದೊಂದು ಸಲ ಒಂದೊಂದು. 5 ಕೆಜಿ ಸೆಲ್ ದೊಡ್ಡದಾಯಿತಾ? 1 ಕೆಜಿಯದ್ದು ಹಾಕಲಾ? ಅಥವಾ ಎಚ್‌ಎಕ್ಸ್711 ಬಿಟ್ಟು ಒಳ್ಳೆಯ ಚಿಪ್ ನೋಡಲಾ?

ಹಳೇ ಮಲ್ಟಿಮೀಟರ್

ಸೆಲ್ ಮುಟ್ಟಬೇಡಿ. ಚಿಪ್ಪನ್ನೂ ಮುಟ್ಟಬೇಡಿ. ಲೆಕ್ಕ ಹಾಕಿ ನೋಡೋಣ ಬನ್ನಿ.

ನಿಮ್ಮ ಸೆಲ್ 1 ಮಿಲಿವೋಲ್ಟ್ ಪ್ರತಿ ವೋಲ್ಟ್‌ನದ್ದು ಅಂತಿಟ್ಟುಕೊಳ್ಳಿ, ಈ ಬಾರ್ ಸೆಲ್‌ಗಳಲ್ಲಿ ಅದು ಮಾಮೂಲು. 5 ವೋಲ್ಟ್ ಕೊಟ್ಟರೆ 5 ಕೆಜಿ ಪೂರ್ತಿ ಹೇರಿದಾಗ ಹೊರಗೆ ಬರುವುದು 5 ಮಿಲಿವೋಲ್ಟ್. ಅಂದರೆ ಒಂದು ಗ್ರಾಂಗೆ ಒಂದು ಮೈಕ್ರೋವೋಲ್ಟ್. ಎಚ್‌ಎಕ್ಸ್711ರ ಡೇಟಾಶೀಟ್‌ನಲ್ಲಿ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪಟ್ಟು) 128, ಸೆಕೆಂಡಿಗೆ 10 ರೀಡಿಂಗ್ ಇಟ್ಟಾಗಿನ ನಾಯ್ಸ್, ಅಂದರೆ ರೀಡಿಂಗ್‌ನ ಅಲುಗಾಟ, 50 ನ್ಯಾನೋವೋಲ್ಟ್. ಗ್ರಾಂ ಲೆಕ್ಕದಲ್ಲಿ 0.05. ಹಸಿರು ಬೋರ್ಡು ಸೆಲ್‌ಗೆ ನಿಜವಾಗಿ 5 ವೋಲ್ಟ್ ಕೊಡುವುದಿಲ್ಲ, ಒಂಚೂರು ಕಡಿಮೆ, ಆದರೂ 0.1 ಗ್ರಾಂ ಆಸುಪಾಸೇ ಆಯಿತು. ನಿಮ್ಮ 200 ಗ್ರಾಂ ಬಟ್ಟು ತೋರಿಸಿದ್ದೂ ಅದನ್ನೇ. 0.1 ಗ್ರಾಂ ನೋಡಬಲ್ಲ ತಕ್ಕಡಿ ಇಟ್ಟುಕೊಂಡು 27 ಗ್ರಾಂ ತಪ್ಪುತ್ತಿದ್ದೀರಿ ಅಂದರೆ ತಪ್ಪು ತಕ್ಕಡಿಯದ್ದಲ್ಲ.

1 ಕೆಜಿ ಸೆಲ್ ಹಾಕಿದರೆ ಗ್ರಾಂಗೆ ಐದು ಪಟ್ಟು ವೋಲ್ಟೇಜ್ ಸಿಗುತ್ತದೆ, ನಿಜ. ಆದರೆ ಒಂದು ದಿನ ತುಂಬಿದ ಡಬ್ಬ ಅದರ ಮೇಲೆ ದೊಪ್ ಅಂತ ಇಡುತ್ತೀರಿ, ಸೆಲ್ ಬಾಗಿ ಹೋಗುತ್ತದೆ, ಆಮೇಲೆ ಸೊನ್ನೆ ಸೊನ್ನೆಗೆ ಬರುವುದೇ ಇಲ್ಲ. ನಾನು ಹಾಗೆ ಎರಡು ಕೊಂದಿದ್ದೇನೆ.

ತಂತಿಜಾಲ

ಕಳ್ಳ ನಿಮ್ಮ ವಾಕ್ಯದಲ್ಲೇ ಕೂತಿದ್ದಾನೆ. "ಹತ್ತು ರೀಡಿಂಗ್‌ಗಳ ಸರಾಸರಿ."

ಹಸಿರು ಬೋರ್ಡು ಬಂದ ಹಾಗೇ ಬಳಸಿದರೆ ಸೆಕೆಂಡಿಗೆ 10 ರೀಡಿಂಗ್ ಕೊಡುತ್ತದೆ. ಹತ್ತರ ಸರಾಸರಿ ಬೇಕು ಅಂತ ಲೈಬ್ರರಿಯನ್ನು (ಚಿಪ್ ಓದುವ ಸಿದ್ಧ ಕೋಡನ್ನು) ಕೇಳಿದರೆ ಅದು ಹತ್ತೂ ಬರುವ ತನಕ ಅಲ್ಲೇ ಕೂತಿರುತ್ತದೆ. ಒಂದು ಇಡೀ ಸೆಕೆಂಡು. ಆ ಸೆಕೆಂಡಿನಲ್ಲಿ ಪಂಪು 20 ಗ್ರಾಂ ಸುರಿದಿರುತ್ತದೆ. ಅಂದರೆ ನಿಮ್ಮ ಕೋಡ್ ಸೆಕೆಂಡಿಗೊಮ್ಮೆ ಮಾತ್ರ ಕಣ್ಣು ಬಿಡುತ್ತದೆ, ಬಿಟ್ಟಾಗಲೂ ಈಗಿನ ತೂಕ ಕಾಣುವುದಿಲ್ಲ, ಕಳೆದ ಸೆಕೆಂಡಿನ ನಡುಮಧ್ಯದ ತೂಕ ಕಾಣುತ್ತದೆ. ಅದೇ ಅರ್ಧ ಸೆಕೆಂಡು ಹಳೆಯದು, 10 ಗ್ರಾಂ ಹಿಂದೆ. ಇದರ ಮೇಲೆ, 250 ದಾಟಿದ್ದು ಕಣ್ಣು ಬಿಡುವ ಸ್ವಲ್ಪ ಮೊದಲಾ, ಅಥವಾ ಮುಚ್ಚಿದ ತಕ್ಷಣವಾ ಅನ್ನುವುದು ಅದೃಷ್ಟ. ಅದಕ್ಕೆ 0ಯಿಂದ 20 ಗ್ರಾಂ. ಎರಡೂ ಕೂಡಿಸಿ: 10ರಿಂದ 30. ನಿಮ್ಮ ಐದು ಬಾಟಲಿಗಳು ಎಲ್ಲಿವೆ? 10ರಿಂದ 27.

ಹೀಗೆ ಮಾಡಿ. ಒಂದೊಂದೇ ರೀಡಿಂಗ್ ಬಂದಾಗ ಓದಿ, ಹಳೆಯ ನಾಲ್ಕೈದನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು ಓಡುವ ಸರಾಸರಿ ತೆಗೆಯಿರಿ. ಕಾಯಬೇಡಿ. ರೀಡಿಂಗ್ ಸಿದ್ಧವಾದಾಗ ಡೇಟಾ ಪಿನ್ ಕೆಳಗಿಳಿಯುತ್ತದೆ, ಇಳಿದಿದೆಯಾ ನೋಡಿ, ಇಲ್ಲದಿದ್ದರೆ ಲೂಪ್ ಮುಂದೆ ಹೋಗಲಿ.

ಮತ್ತೆ 80 ರೀಡಿಂಗ್‌ಗೆ ಹೋಗಿ. ಚಿಪ್ಪಿನ 15ನೇ ಕಾಲು ವೇಗದ್ದು. ಅದು ಗ್ರೌಂಡಿಗೆ ಸೇರಿದ್ದರೆ 10, ಪಕ್ಕದ 16ನೇ ಕಾಲಿಗೆ, ಅಂದರೆ ಡಿಜಿಟಲ್ ಸಪ್ಲೈಗೆ ಸೇರಿಸಿದರೆ 80. ಕೆಲವು ಬೋರ್ಡುಗಳಲ್ಲಿ ಇದಕ್ಕೆ ಬೆಸುಗೆಯ ಜಂಪರ್ ಇರುತ್ತದೆ. ಇಲ್ಲದಿದ್ದರೆ ಕಾಲನ್ನು ಸೂಜಿಯಿಂದ ಮೇಲೆತ್ತಿ ಪಕ್ಕದ್ದಕ್ಕೆ ಅಂಟಿಸಬೇಕು. ಕೈ ನಡುಗುವವರು ಕಾಫಿ ಕುಡಿಯುವ ಮೊದಲು ಮಾಡಿ.

ಹಳೇ ಮಲ್ಟಿಮೀಟರ್

80ಕ್ಕೆ ಹೋದರೆ ನಾಯ್ಸ್ 50ರಿಂದ 90 ನ್ಯಾನೋವೋಲ್ಟ್‌ಗೆ ಏರುತ್ತದೆ. ಅಂದರೆ 0.1 ಗ್ರಾಂ. ಚಿಂತೆ ಇಲ್ಲ. 10ರಲ್ಲಿ ಮಾತ್ರ ಸಿಗುವ ಒಂದು ಲಾಭ ಹೋಗುತ್ತದೆ ಅನ್ನುವುದು ನೆನಪಿರಲಿ: 50 ಮತ್ತು 60 ಹರ್ಟ್ಸ್‌ನ ಮೇನ್ಸ್ ಗುಂಯ್ ಸದ್ದನ್ನು ಚಿಪ್ ಆ ವೇಗದಲ್ಲಿ ತಾನೇ ನುಂಗಿಬಿಡುತ್ತದೆ. 80ರಲ್ಲಿ ಅಷ್ಟು ನುಂಗುವುದಿಲ್ಲ. ಸೆಲ್‌ನ ತಂತಿಯನ್ನು ಪಂಪಿನ ತಂತಿಯ ಜೊತೆ ಕಟ್ಟಿಟ್ಟಿದ್ದರೆ ಇವತ್ತೇ ಬಿಡಿಸಿ.

ಪಾದರಸ

ಇದೆಲ್ಲ ಸರಿ, ಆದರೆ ಮುಖ್ಯವಾದದ್ದನ್ನು ಯಾರೂ ಹೇಳಲಿಲ್ಲ. ಪಂಪು ನಿಂತ ಕ್ಷಣದಲ್ಲಿ ಮೂತಿಯಿಂದ ಬಾಟಲಿಯ ತಳದ ತನಕ ಗಾಳಿಯಲ್ಲಿ ಒಂದು ಧಾರೆ ಇರುತ್ತದೆ. ತಕ್ಕಡಿ ಅದನ್ನು ಇನ್ನೂ ನೋಡಿರುವುದಿಲ್ಲ, ಅದು ಆಮೇಲೆ ಬೀಳುತ್ತದೆ. ಅದಕ್ಕೇ ಜಾಸ್ತಿ. 10 ಸೆಂಮೀ ಎತ್ತರದಿಂದ ಬಿದ್ದರೆ ಸುಮಾರು 1.8 ಗ್ರಾಂ ಗಾಳಿಯಲ್ಲೇ ಇರುತ್ತದೆ. ಅದನ್ನು ಕಳೆದು ನಿಲ್ಲಿಸಬೇಕು. ಎಲ್ಲಾ ತುಂಬುವ ಯಂತ್ರಗಳೂ ಹಾಗೇ ಮಾಡುತ್ತವೆ.

ನಾಲ್ಕನೇ ನಟ್ಟು

ಗುಳ್ಳೆರಾಯರೇ, ಎರಡು ಪ್ರಶ್ನೆ. ಟ್ಯೂಬಿನ ತುದಿ ಎಲ್ಲಿದೆ, ಬಾಟಲಿಯ ಬಾಯಿಯ ಮೇಲಾ ಒಳಗಾ? ಪಂಪು ಯಾವ ಹಲಗೆಯ ಮೇಲೆ ಕೂತಿದೆ?

ಗುಳ್ಳೆರಾಯ

ಒಂದು ಸೆಕೆಂಡು ಕಣ್ಣು ಮುಚ್ಚಿಕೊಂಡಿರುವ ವಿಷಯ ಓದಿ ನಗು ಬಂತು. ಮೂರು ವಾರದಿಂದ ಕ್ಯಾಲಿಬ್ರೇಷನ್ ಸಂಖ್ಯೆಯನ್ನು ತಿದ್ದುತ್ತಾ ಕೂತಿದ್ದೆ.

ಟ್ಯೂಬು ಒಳಗೇ ಇದೆ ಸರ್, ತಳದ ತನಕ ಇಳಿಬಿಟ್ಟಿದ್ದೇನೆ. ಮೇಲಿಂದ ಬಿಟ್ಟರೆ ಸೋಪು ನೊರೆಯಾಗಿ ಬಾಯಿಂದ ಉಕ್ಕಿ ಬರುತ್ತದೆ. ಪಂಪು ಅದೇ ಹಲಗೆಯ ಮೇಲೆ, ಸೆಲ್‌ನಿಂದ ಒಂದು ಗೇಣು ದೂರ.

ನಾಲ್ಕನೇ ನಟ್ಟು

ಅದೇ ಅನುಮಾನ ಇತ್ತು.

ಮುಳುಗಿದ ಟ್ಯೂಬು ತಕ್ಕಡಿಗೆ ಸುಳ್ಳು ಹೇಳುತ್ತದೆ. ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿದರೆ, ತಳ ಮುಟ್ಟದಿದ್ದರೂ, ಬಕೆಟ್ಟಿನ ತೂಕ ಏರುತ್ತದಲ್ಲ, ಅದೇ ಇದು. ಹೊರವ್ಯಾಸ 8 ಮಿಮೀ ಟ್ಯೂಬು 40 ಮಿಮೀ ಮುಳುಗಿದ್ದರೆ ಸರಿಸುಮಾರು 2 ಗ್ರಾಂ ಜಾಸ್ತಿ ತೋರಿಸುತ್ತದೆ, ಟ್ಯೂಬು ಹೊರಗೆ ತೆಗೆದ ಕೂಡಲೇ ಆ 2 ಗ್ರಾಂ ಮಾಯ. ಸೋಪು ಮೇಲೇರಿದಂತೆ ಮುಳುಗುವ ಉದ್ದವೂ ಏರುತ್ತದೆ. ಜೊತೆಗೆ ಟ್ಯೂಬು ಸೆಟೆದುಕೊಂಡು ಬಾಟಲಿಯ ಗೋಡೆಗೆ ತಾಗಿದರೆ ತೂಕ ಎತ್ತಲೂಬಹುದು, ಒತ್ತಲೂಬಹುದು. ಅದಕ್ಕಂತೂ ಲೆಕ್ಕವೇ ಇಲ್ಲ.

ತುದಿಯನ್ನು ಬಾಟಲಿಯ ಕತ್ತಿನೊಳಗೆ ಒಂದು ಬೆರಳು ಇಳಿಸಿ, ಎಲ್ಲಿಯೂ ತಾಗದಂತೆ ಬಿಗಿಯಾದ ಕಂಬಿಗೆ ಕಟ್ಟಿ, ಧಾರೆ ಒಳಗೋಡೆಯ ಮೇಲೆ ಬೀಳುವ ಹಾಗೆ ಓರೆ ಮಾಡಿ. ಗೋಡೆ ಹಿಡಿದು ಇಳಿದರೆ ನೊರೆ ಏಳುವುದಿಲ್ಲ.

ಪಂಪನ್ನು ಬೇರೆ ಹಲಗೆಗೆ ಹಾಕಿ. ಸೆಲ್ ಹೇಗೆ ಕೂರಿಸಿದ್ದೀರಿ ಅಂತಲೂ ನೋಡಿ. ಒಂದು ತುದಿ ತಳದ ಹಲಗೆಗೆ, ಇನ್ನೊಂದು ತುದಿ ಮೇಲಿನ ತಟ್ಟೆಗೆ, ಎರಡೂ ಕಡೆ ದಪ್ಪ ವಾಷರ್ ಇಟ್ಟು ನಡುವೆ ಗಾಳಿ ಆಡಬೇಕು. ಮಧ್ಯದ ತೂತಿನ ಭಾಗ, ಬಿಳಿ ಅಂಟು ಮೆತ್ತಿದ್ದು, ಅದೇ ಬಾಗುವ ಜಾಗ. ಅದಕ್ಕೆ ಹಲಗೆ ತಾಗಿದರೆ ಮುಗಿಯಿತು. ತುದಿಯ ಬಾಣದ ಗುರುತು ಭಾರ ಬೀಳುವ ದಿಕ್ಕಿಗೆ, ಕೆಳಮುಖ. ತಟ್ಟೆಯ ಕೆಳಗೆ ಒಂದು ಬೋಲ್ಟನ್ನು ಕೂದಲೆಳೆ ಅಂತರ ಬಿಟ್ಟು ನಿಲ್ಲಿಸಿಡಿ. ಡಬ್ಬ ದೊಪ್ ಅಂತ ಬಿದ್ದರೆ ತಟ್ಟೆ ಬೋಲ್ಟಿನ ಮೇಲೆ ಕೂರುತ್ತದೆ, ಸೆಲ್ ಬದುಕುತ್ತದೆ. ಹಳೇ ಮಲ್ಟಿಮೀಟರ್ ಅವರಿಗೆ ಇದನ್ನು ಎರಡು ಸೆಲ್ ಮೊದಲೇ ಹೇಳಬೇಕಿತ್ತು.

ಹಳೇ ಮಲ್ಟಿಮೀಟರ್

ಉಪ್ಪು ಸವರಿದ್ದಕ್ಕೆ ಧನ್ಯವಾದ :)

ಪಾದರಸ ಅವರೇ, ನಿಮ್ಮ ಗಾಳಿಯ ಧಾರೆಯ ಮಾತಿಗೆ ಒಂದು ತಕರಾರು. ನಾನೂ ವರ್ಷಗಟ್ಟಲೆ ಹಾಗೇ ನಂಬಿದ್ದೆ. ಆದರೆ ತಕ್ಕಡಿಯ ಮೇಲೆ ಧಾರೆ ಸುಮ್ನೆ ಬಂದು ಕೂರುವುದಿಲ್ಲ, ಬಡಿಯುತ್ತದೆ. ಆ ಬಡಿತವನ್ನೂ ತಕ್ಕಡಿ ತೂಕ ಅಂತಲೇ ಓದುತ್ತದೆ.

ನಿಮ್ಮದೇ ಸಂಖ್ಯೆ ತೆಗೆದುಕೊಳ್ಳಿ. ಸೆಕೆಂಡಿಗೆ 20 ಗ್ರಾಂ, 6 ಮಿಮೀ ತೂತು, ಹೊರಬರುವ ವೇಗ ಸೆಕೆಂಡಿಗೆ ಸುಮಾರು 0.7 ಮೀಟರ್. 10 ಸೆಂಮೀ ಬೀಳುವಷ್ಟರಲ್ಲಿ 1.56 ಆಗುತ್ತದೆ. 0.020 ಕೆಜಿ ಗುಣಿಸು 1.56, ಅಂದರೆ 0.031 ನ್ಯೂಟನ್. ಗ್ರಾಂಗೆ ತಿರುಗಿಸಿದರೆ 3.2. ಧಾರೆ ಬೀಳುತ್ತಿರುವಷ್ಟು ಹೊತ್ತೂ ತಕ್ಕಡಿ 3.2 ಗ್ರಾಂ ಜಾಸ್ತಿ ತೋರಿಸುತ್ತಿರುತ್ತದೆ. ಗಾಳಿಯಲ್ಲಿ ಇರುವ 1.8 ಗ್ರಾಂ ಅದಕ್ಕೆ ಕಾಣುತ್ತಿಲ್ಲ. ಕಳೆದರೆ 1.4 ಗ್ರಾಂ *ಜಾಸ್ತಿಯೇ* ತೋರಿಸುತ್ತಿದೆ.

ಚೆಂದ ಏನು ಗೊತ್ತಾ? ಮೂತಿಯನ್ನು ಎಷ್ಟೇ ಎತ್ತರಕ್ಕೆ ಏರಿಸಿ, ಈ 1.4 ಬದಲಾಗುವುದಿಲ್ಲ. ಎತ್ತರ ಏರಿದಷ್ಟೂ ಗಾಳಿಯಲ್ಲಿ ಜಾಸ್ತಿ ಸೋಪು, ಅಷ್ಟೇ ಜಾಸ್ತಿ ಬಡಿತ, ಒಂದಕ್ಕೊಂದು ವಜಾ. ಉಳಿಯುವುದು ಮೂತಿಯಿಂದ ಹೊರಬರುವಾಗ ಇದ್ದ ವೇಗದ ಪಾಲು ಮಾತ್ರ. ಧಾರೆ ಒಂದೇ ಸಮನೆ ಹರಿಯುತ್ತಿದ್ದರೆ, ಆ ಪಾಲು ಬಿಟ್ಟು, ಮೂತಿ ದಾಟಿದ್ದೆಲ್ಲವನ್ನೂ ತಕ್ಕಡಿ ಆಗಲೇ ಎಣಿಸಿಯಾಗಿದೆ.

ಹಾಗಾಗಿ ಗಾಳಿಯ ಧಾರೆಯಿಂದ ಬಾಟಲಿ ಜಾಸ್ತಿ ತುಂಬುವುದಿಲ್ಲ, ಧಾರೆ ಜೋರಿದ್ದರೆ ಕಡಿಮೆ ತುಂಬಬಹುದು. ಜಾಸ್ತಿ ಆಗುವುದು ಕೋಡಿನ ತಡದಿಂದ, ಪಂಪು ಸ್ವಿಚ್ ಆಫ್ ಆದ ಮೇಲೂ ಒಂದಿಷ್ಟು ತಿರುಗುವುದರಿಂದ, ತುದಿಯಿಂದ ತೊಟ್ಟಿಕ್ಕುವುದರಿಂದ.

ಪಾದರಸ

ಕೂತು ಬರೆದು ನೋಡಿದೆ. ಹೌದು, ವಜಾ ಆಗುತ್ತದೆ. ಇಷ್ಟು ದಿನ ಕಳೆಯುತ್ತಿದ್ದ "ಗಾಳಿಯ ತೂಕ" ನಿಜವಾಗಿ ನನ್ನ ಪಂಪಿನ ಉಳಿದ ಸುತ್ತು ಆಗಿತ್ತು ಅಂತಾಯಿತು. ಸಂಖ್ಯೆ ಸರಿ ಇತ್ತು, ಹೆಸರು ತಪ್ಪಿತ್ತು. ಒಪ್ಪಿದೆ.

ತಂತಿಜಾಲ

ಹೆಸರು ಏನೇ ಇರಲಿ, ಎಲ್ಲದಕ್ಕೂ ಮದ್ದು ಒಂದೇ: ಕೊನೆಯಲ್ಲಿ ನಿಧಾನ ಮಾಡಿ. ಸೆಕೆಂಡಿಗೆ 20 ಗ್ರಾಂ ಇದ್ದಾಗ 0.1 ಸೆಕೆಂಡಿನ ತಡಕ್ಕೆ 2 ಗ್ರಾಂ. 4 ಗ್ರಾಂ ಇದ್ದಾಗ ಅದೇ ತಡಕ್ಕೆ 0.4. ಬಡಿತದ ತಪ್ಪಂತೂ ಇನ್ನೂ ಬೇಗ ಇಳಿಯುತ್ತದೆ. ಹರಿವು ಐದನೇ ಒಂದಾದರೆ ವೇಗವೂ ಐದನೇ ಒಂದು, ಗುಣಿಸಿದರೆ ಇಪ್ಪತ್ತೈದನೇ ಒಂದು. 1.4 ಗ್ರಾಂ ಇದ್ದದ್ದು 0.06 ಆಗುತ್ತದೆ.

235 ಗ್ರಾಂ ತನಕ ಪೂರ್ತಿ ವೇಗ, ಆಮೇಲೆ ಪಿಡಬ್ಲ್ಯೂಎಂ (ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡಿ ಪಂಪಿನ ವೇಗ ಇಳಿಸುವುದು) ಕೊಟ್ಟು ನಿಧಾನ.

ಗುಳ್ಳೆರಾಯ

ಎರಡು ದಿನ ಆಯಿತು. ವರದಿ ಒಪ್ಪಿಸುತ್ತೇನೆ.

ಟ್ಯೂಬು ಮೇಲೆತ್ತಿದೆ, ಪಂಪಿಗೆ ಬೇರೆ ಹಲಗೆ ಕೊಟ್ಟೆ, ಕಾಯದೆ ಓದುವ ಕೋಡ್ ಬರೆದೆ. ಇಷ್ಟಕ್ಕೇ 252ರಿಂದ 257ಕ್ಕೆ ಬಂತು. ಚಿಪ್ಪಿನ ಕಾಲೆತ್ತಿ 80ಕ್ಕೆ ಹಾಕಿದೆ. ಕಾಫಿ ಕುಡಿದ ಮೇಲೆಯೇ ಮಾಡಿದೆ, ಆದರೂ ಬದುಕಿದೆ.

ಆದರೆ 80ಕ್ಕೆ ಹಾಕಿದ ಮೇಲೆ ಹೊಸ ಭೂತ. ನೂರಿನ್ನೂರು ರೀಡಿಂಗ್‌ಗೆ ಒಂದು ಸಲ ಅರ್ಥವಿಲ್ಲದ ಸಂಖ್ಯೆ. ತೂಕ 90 ಗ್ರಾಂ ಇದ್ದಾಗ ಇದ್ದಕ್ಕಿದ್ದಂತೆ 1,400 ಅನ್ನುತ್ತದೆ. ಗುರಿ ದಾಟಿತು ಅಂದುಕೊಂಡು ಪಂಪು ನಿಂತುಬಿಡುತ್ತದೆ. ವೈಫೈ ಆನ್ ಇದ್ದಾಗ ಜಾಸ್ತಿ.

ತಂತಿಜಾಲ

ವೈಫೈ ಅಂದಿರಲ್ಲ, ಅಲ್ಲೇ ಸಿಕ್ಕಿತು. ಎಚ್‌ಎಕ್ಸ್711ರ ಕ್ಲಾಕ್ ಪಿನ್ 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲೆ ನಿಂತರೆ ಚಿಪ್ ಅದನ್ನು "ಮಲಗು" ಅಂತ ತಿಳಿಯುತ್ತದೆ. 24 ಬಿಟ್‌ಗಳನ್ನು ಎಳೆಯುತ್ತಿರುವಾಗ ಮಧ್ಯದಲ್ಲಿ ಇಂಟರಪ್ಟ್ (ತುರ್ತು ಕೆಲಸದ ಕರೆ) ಬಂದು ಪ್ರೊಸೆಸರ್ ಬೇರೆ ಕಡೆ ಹೋದರೆ ಕ್ಲಾಕ್ ಮೇಲೇ ಉಳಿದುಬಿಡುತ್ತದೆ. ಚಿಪ್ ಮಲಗಿ ಎದ್ದು ಮೊದಲಿಂದ ಶುರು ಮಾಡುತ್ತದೆ, ನಿಮಗೆ ಸಿಗುವುದು ಅರ್ಧ ಸಂಖ್ಯೆ. ಎಳೆಯುವ ಆ ಕೆಲವೇ ಮೈಕ್ರೋಸೆಕೆಂಡು ಇಂಟರಪ್ಟ್ ಮುಚ್ಚಿಡಿ. 24 ಪಲ್ಸ್ ಆದ ಮೇಲೆ 25ನೆಯದನ್ನು ಮರೆಯಬೇಡಿ, ಮುಂದಿನ ರೀಡಿಂಗ್ ಎ ಚಾನೆಲ್, 128 ಗೇನ್ ಅಂತ ಹೇಳುವುದು ಅದೇ.

ಸರಾಸರಿಗೆ ಹಾಕುವ ಮೊದಲು ಮೂರು ರೀಡಿಂಗ್‌ಗಳ ನಡುವಿನದನ್ನು ಆರಿಸುವ ಮೀಡಿಯನ್ ಕೂಡ ಇರಲಿ. ಒಂಟಿ ಭೂತ ಅಲ್ಲೇ ಸಾಯುತ್ತದೆ. ಸರಾಸರಿಗೆ ಭೂತ ಸಿಕ್ಕರೆ ಅದರ ನೆರಳು ಮುಂದಿನ ನಾಲ್ಕೈದು ರೀಡಿಂಗ್ ತನಕ ಎಳೆದಾಡುತ್ತದೆ.

ಸುಟ್ಟ ರೆಸಿಸ್ಟರ್

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಪಂಪು ನಿಲ್ಲುವುದರ ಬಗ್ಗೆ ಎಲ್ಲರೂ ಮಾತಾಡಿದಿರಿ, ಪಂಪು *ನಿಲ್ಲದಿದ್ದರೆ* ಏನು ಅಂತ ಯಾರೂ ಕೇಳಲಿಲ್ಲ.

ನನ್ನ ಕಥೆ ಹೇಳುತ್ತೇನೆ. ಇದೇ ಥರ ಒಂದು ಕಟ್ಟಿದ್ದೆ, ಬಣ್ಣ ಬೆರೆಸುವುದಕ್ಕೆ. ಸೆಲ್‌ನ ಬಿಳಿ ತಂತಿಯ ಬೆಸುಗೆ ಬಿಟ್ಟುಕೊಂಡಿತು. ತೂಕ 38 ಗ್ರಾಂನಲ್ಲಿ ಅಂಟಿ ನಿಂತಿತು. ಪಂಪು ಪಾಪ, 38 ನೂರಾಗಲಿ ಅಂತ ಕಾಯುತ್ತಾ ಸುರಿಯಿತು. ನಾನು ಊಟಕ್ಕೆ ಹೋಗಿದ್ದೆ. ವಾಪಸು ಬಂದಾಗ ನೆಲ ಪೂರ್ತಿ ನೀಲಿ. ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಇವತ್ತಿಗೂ ಒಂದು ನೀಲಿ ಗೆರೆ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ.

ಅದಕ್ಕೇ ಈಗ ನನ್ನ ಕೋಡಿನಲ್ಲಿ ಪಂಪು ಓಡಬೇಕಾದರೆ ಒಂದಲ್ಲ, ನಾಲ್ಕೈದು ಕಡೆಯಿಂದ ಒಪ್ಪಿಗೆ ಬೇಕು. ತಟ್ಟೆಯ ಮೇಲೆ ಖಾಲಿ ಬಾಟಲಿಯಷ್ಟು ತೂಕ ಇಲ್ಲದಿದ್ದರೆ ಶುರುವೇ ಆಗಬಾರದು. ಶುರುವಾದ ಮೇಲೆ ಒಂದೂವರೆ ಸೆಕೆಂಡಿನಲ್ಲಿ ತೂಕ ಏರದಿದ್ದರೆ ನಿಲ್ಲಬೇಕು, ಡಬ್ಬ ಖಾಲಿಯಾಗಿರಬಹುದು, ಟ್ಯೂಬು ಕಳಚಿರಬಹುದು, ತಂತಿ ಹೋಗಿರಬಹುದು, ಯಾವುದಾದರೂ ಸರಿ. ತೂಕ ಥಟ್ಟನೆ ಇಳಿದರೆ ಯಾರೋ ಬಾಟಲಿ ಎತ್ತಿದ್ದಾರೆ, ನಿಲ್ಲು. ಕಚ್ಚಾ ಸಂಖ್ಯೆ 83,88,607ಕ್ಕೆ ಹೋಗಿ ಕೂತರೆ ಅದು 24 ಬಿಟ್‌ನ ಮೇಲಿನ ತುದಿ, ಸೆಲ್ ಅಥವಾ ತಂತಿ ಕೆಟ್ಟಿದೆ ಅಂತ ಅರ್ಥ, ನಿಲ್ಲು. ಏನೇ ಆದರೂ ಒಟ್ಟು 30 ಸೆಕೆಂಡು ದಾಟಬಾರದು. ಪ್ರೊಸೆಸರ್ರೇ ತಲೆ ತಿರುಗಿ ಬಿದ್ದರೆ ಎಬ್ಬಿಸಲು ವಾಚ್‌ಡಾಗ್, ಅಂದರೆ ಕೋಡ್ ಸಿಕ್ಕಿಕೊಂಡರೆ ತಾನೇ ರೀಸೆಟ್ ಮಾಡುವ ಟೈಮರ್.

ಮಾಸ್‌ಫೆಟ್ (ಪಂಪನ್ನು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಇದೆಯಲ್ಲ, ಅದರ ಗೇಟಿನಿಂದ, ಅಂದರೆ ಆಜ್ಞೆ ಕೊಡುವ ಕಾಲಿನಿಂದ, ಗ್ರೌಂಡಿಗೆ ಒಂದು 10 ಕಿಲೋಓಮ್ ರೆಸಿಸ್ಟರ್ ಇರಲೇಬೇಕು. ಇಎಸ್‌ಪಿ32 ಎದ್ದೇಳುವಾಗ ಕೆಲವು ಪಿನ್‌ಗಳು ಒಂದು ಕ್ಷಣ ಕುಣಿಯುತ್ತವೆ, ಕರೆಂಟ್ ಹೋಗಿ ಬಂದಾಗಲೆಲ್ಲ ಪಂಪು ಒಂದು ಗುಟುಕು ಉಗುಳುತ್ತದೆ.

ಅಂದ ಹಾಗೆ ಯಾವ ಮಾಸ್‌ಫೆಟ್ ಹಾಕಿದ್ದೀರಿ?

ಗುಳ್ಳೆರಾಯ

ಐಆರ್‌ಎಫ್520 ಇರುವ ರೆಡಿಮೇಡ್ ಬೋರ್ಡು. ಯಾಕೆ? ಬಿಸಿ ಆಗುತ್ತದೆ, ನಿಜ. ಪಂಪು ಓಡುತ್ತದಲ್ಲ ಅಂತ ಬಿಟ್ಟಿದ್ದೆ.

ಸುಟ್ಟ ರೆಸಿಸ್ಟರ್

ಅಂದುಕೊಂಡೆ. ಅದು ಪೂರ್ತಿ ತೆರೆದುಕೊಳ್ಳಬೇಕಾದರೆ ಗೇಟಿಗೆ 10 ವೋಲ್ಟ್ ಬೇಕು. ನೀವು ಕೊಡುತ್ತಿರುವುದು 3.3. ಅರೆಬಾಗಿಲು ತೆರೆದು ಎಲ್ಲರನ್ನೂ ತೂರಿಸಿದ ಹಾಗೆ, ಬಿಸಿಯಾಗದೆ ಇನ್ನೇನು. ಎಒ3400 ಥರದ್ದು ಹಾಕಿ, ಅದಕ್ಕೆ 2.5 ವೋಲ್ಟ್ ಸಾಕು. ಪಂಪಿನ ಎರಡು ಕಾಲುಗಳ ಮೇಲೆ ಉಲ್ಟಾ ಡಯೋಡ್ (ಪಂಪು ಆಫ್ ಆದಾಗ ಏಳುವ ವೋಲ್ಟೇಜ್ ಏಟನ್ನು ನುಂಗುವುದು) ಇದೆಯಾ? ಇಲ್ಲದಿದ್ದರೆ ನಿಮ್ಮ ಭೂತಗಳಲ್ಲಿ ಅರ್ಧ ಅಲ್ಲಿಂದಲೇ ಬರುತ್ತಿರಬಹುದು.

ಪಾದರಸ

ಯಾರಾದರೂ ಗೇರ್ ಪಂಪಿನ ಬದಲು ಸೊಲೆನಾಯ್ಡ್ ವಾಲ್ವ್ ಹಾಕಿ ಮೇಲಿನ ಡಬ್ಬದಿಂದ ಇಳಿಸೋಣ ಅಂದುಕೊಂಡರೆ ಒಂದು ಎಚ್ಚರಿಕೆ. ಎಲ್ಲೆಡೆ ಸಿಗುವ 12 ವೋಲ್ಟಿನ ಪ್ಲಾಸ್ಟಿಕ್ ವಾಲ್ವ್‌ಗಳು ಬಹಳಷ್ಟು ನಲ್ಲಿಯ ಒತ್ತಡಕ್ಕೆ ಮಾಡಿದವು. 0.02 ಮೆಗಾಪಾಸ್ಕಲ್ ಕನಿಷ್ಠ ಅಂತ ಬರೆದಿರುತ್ತಾರೆ, ಅಂದರೆ 2 ಮೀಟರ್ ಎತ್ತರದ ನೀರು. ಟೇಬಲ್ ಮೇಲೆ ಡಬ್ಬ ಇಟ್ಟರೆ ಟಕ್ ಅನ್ನುತ್ತದೆ, ಒಂದು ಹನಿ ಬರುವುದಿಲ್ಲ. ಸೊನ್ನೆ ಒತ್ತಡಕ್ಕೂ ತೆರೆಯುವಂಥದ್ದನ್ನೇ ಕೇಳಿ ತರಬೇಕು.

ಗುಳ್ಳೆರಾಯ

ಇನ್ನೊಂದು ವಾರ. ಮಾಸ್‌ಫೆಟ್ ಬದಲಾಯಿತು, ಡಯೋಡ್ ಇರಲಿಲ್ಲ, ಈಗ ಇದೆ. ಸುಟ್ಟ ರೆಸಿಸ್ಟರ್ ಅವರ ನೀಲಿ ನೆಲ ಕಣ್ಣ ಮುಂದೆ ಇದ್ದದ್ದರಿಂದ ಎಲ್ಲಾ ಒಪ್ಪಿಗೆಗಳನ್ನೂ ಬರೆದಿದ್ದೇನೆ. ಬಾಟಲಿ ಎತ್ತಿ ನೋಡಿದೆ, ಟ್ಯೂಬು ಕಿತ್ತು ನೋಡಿದೆ, ಸೆಲ್‌ನ ತಂತಿಯನ್ನೇ ಎಳೆದು ನೋಡಿದೆ, ಪ್ರತಿ ಸಲವೂ ನಿಂತಿತು.

ನಿಧಾನದ ಹಂತದಲ್ಲಿ ಒಂದು ತೊಡಕು ಬಂತು. 30 ಪರ್ಸೆಂಟ್ ಪಿಡಬ್ಲ್ಯೂಎಂ ಕೊಟ್ಟರೆ ಗಟ್ಟಿ ಸೋಪಿಗೆ ಪಂಪು ಗುಂಯ್ ಅಂದು ನಿಂತೇ ಬಿಡುತ್ತಿತ್ತು. 40ರಲ್ಲಿ ತಿರುಗುತ್ತದೆ, ಸೆಕೆಂಡಿಗೆ 4 ಗ್ರಾಂ. ತುದಿಯನ್ನು ಓರೆಯಾಗಿ ಕತ್ತರಿಸಿದೆ, ತೊಟ್ಟಿಕ್ಕುವುದು ಕಡಿಮೆಯಾಯಿತು. ಪ್ರತಿ ಬಾಟಲಿಗೂ ಹೊಸ ಟೇರ್, ಅದೂ ಐದು ರೀಡಿಂಗ್‌ಗಳು 0.2 ಗ್ರಾಂ ಒಳಗೆ ಬಂದು ನೆಲೆಸಿದ ಮೇಲೆ. ಹೀಗೆ ಮಾಡಿದ್ದರಿಂದ ಹೊತ್ತು ಏರಿದಂತೆ ಸೊನ್ನೆ ಜಾರುವ ತೊಂದರೆ ತಾನಾಗಿ ಹೋಯಿತು.

ಗುರಿಗಿಂತ ಎಷ್ಟು ಗ್ರಾಂ ಮೊದಲೇ ಪಂಪು ನಿಲ್ಲಿಸಬೇಕು ಅನ್ನುವ ಮುಂಗಡವನ್ನು ಕೋಡೇ ಕಲಿಯುತ್ತದೆ. ತುಂಬಿ ಒಂದೂವರೆ ಸೆಕೆಂಡು ಕಾದು ನಿಜವಾದ ತೂಕ ನೋಡುತ್ತದೆ. 0.6 ಗ್ರಾಂ ಜಾಸ್ತಿ ಬಂದಿದ್ದರೆ ಅದರ ಮೂರನೇ ಒಂದು ಪಾಲನ್ನು ಮುಂಗಡಕ್ಕೆ ಸೇರಿಸುತ್ತದೆ. ಪೂರ್ತಿ ಸೇರಿಸಿದಾಗ ಒಂದು ಬಾಟಲಿ ಜಾಸ್ತಿ ಒಂದು ಬಾಟಲಿ ಕಡಿಮೆ ಅಂತ ತೂಗಾಡುತ್ತಿತ್ತು. ಈಗ 1.6 ಗ್ರಾಂಗೆ ಬಂದು ನಿಂತಿದೆ, ಅಂದರೆ 248.4ಕ್ಕೆ ಪಂಪು ನಿಲ್ಲುತ್ತದೆ.

ಬೇರೆ ತಕ್ಕಡಿಯಲ್ಲಿ ಪರೀಕ್ಷಿಸಿದ ಹತ್ತು ಬಾಟಲಿ: ಎಲ್ಲವೂ 249.7ರಿಂದ 250.4ರ ಒಳಗೆ.

ಆದರೆ ಒಂದು ವಿಚಿತ್ರ ಉಳಿದಿದೆ. ಬೆಳಗಿನ ಮೊದಲ ಎರಡು ಮೂರು ಬಾಟಲಿ ಯಾವಾಗಲೂ 249.3, 249.4. ಆಮೇಲೆ ಸರಿಹೋಗುತ್ತದೆ. ದಿನಾ ಹೀಗೆಯೇ.

ನಾಲ್ಕನೇ ನಟ್ಟು

ರಾತ್ರಿ ಟ್ಯೂಬು ಖಾಲಿಯಾಗಿ ಗಾಳಿ ಸೇರಿರಬಹುದು. ಮೊದಲು ಒಂದು ಲೋಟಕ್ಕೆ ಸ್ವಲ್ಪ ಹರಿಸಿ ಆಮೇಲೆ ಶುರು ಮಾಡಿ.

ಗುಳ್ಳೆರಾಯ

ಹರಿಸಿಯೇ ಶುರು ಮಾಡುತ್ತೇನೆ ಸರ್. ಆದರೂ ಅಷ್ಟೇ.

ಹಳೇ ಮಲ್ಟಿಮೀಟರ್

ಬೆಳಿಗ್ಗೆ ಸೋಪು ತಣ್ಣಗಿರುತ್ತದೆ, ಗಟ್ಟಿ ಇರುತ್ತದೆ ಅಂತ ನೀವೇ ಮೊದಲ ದಿನ ಬರೆದಿದ್ದೀರಿ.

ಅದೇ 40 ಪರ್ಸೆಂಟಿಗೆ ಬೆಳಿಗ್ಗೆ 4 ಗ್ರಾಂ ಬರುತ್ತಿಲ್ಲ, 2.5 ಬರುತ್ತಿರಬಹುದು. ತಡ ಮಾತ್ರ ಅಷ್ಟೇ ಇದೆ. 1.6 ಗ್ರಾಂ ಮುಂಗಡವನ್ನು 4ರಿಂದ ಭಾಗಿಸಿ, 0.4 ಸೆಕೆಂಡು. ನಿಮ್ಮ ಯಂತ್ರದ ನಿಜವಾದ ತಡ ಅದು: ಚಿಪ್, ಸರಾಸರಿ, ಪಂಪಿನ ಉಳಿದ ಸುತ್ತು ಎಲ್ಲಾ ಸೇರಿ. ಬೆಳಗಿನ ಹರಿವಿಗೆ ಅದು 2.5 ಗುಣಿಸು 0.4, ಅಂದರೆ 1 ಗ್ರಾಂ ಮಾತ್ರ ಆಗಬೇಕಿತ್ತು. ನೀವು 1.6 ಬಿಟ್ಟಿರಿ. 0.6 ಕಡಿಮೆ ಬಂತು. 249.4.

ಮುಂಗಡವನ್ನು ಗ್ರಾಂನಲ್ಲಿ ಕಲಿಸಬೇಡಿ, ಸೆಕೆಂಡಿನಲ್ಲಿ ಕಲಿಸಿ. ನಿಧಾನದ ಹಂತದಲ್ಲಿ ತೂಕ ಸೆಕೆಂಡಿಗೆ ಎಷ್ಟು ಏರುತ್ತಿದೆ ಅಂತ ಕೋಡಿಗೆ ಹೇಗೂ ಗೊತ್ತು, ಅದರಿಂದ ಗುಣಿಸಿ:

ತೂಕ + (ಹರಿವು × ತಡ) ≥ 250 ಆದರೆ ಪಂಪು ನಿಲ್ಲಿಸು.

ಗುಳ್ಳೆರಾಯ

ಇವತ್ತು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಪಂಪಿನ ಮುಂದೆ ಕೂತೆ. ಸೋಪು ಎಷ್ಟು ಗಟ್ಟಿ ಇತ್ತೆಂದರೆ ಧಾರೆ ಹಗ್ಗದ ಹಾಗೆ ಸುರುಳಿ ಸುತ್ತುತ್ತಾ ಇಳಿಯಿತು. ಹರಿವು ತೋರಿಸಿದ್ದು 2.6.

ಮೊದಲನೇ ಬಾಟಲಿ 249.9. ಎರಡನೆಯದು 250.1. ಮೂರನೆಯದು ತುಂಬುವಷ್ಟರಲ್ಲಿ ಬಾಟಲಿಗಳೇ ಮುಗಿದುಹೋದವು, ತೊಳೆದು ಒಣಗಿಸಿ ಮಧ್ಯಾಹ್ನ ಮುಂದುವರಿಸುತ್ತೇನೆ.